ನೆತ್ತಿ ಬೇಗ ಕೂಡಿದ ವರ್ಷ

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಪಕ್ಕದ ಮನೆಯಿಂದ ಹರಳೆಣ್ಣೆ ಕಾಯಿಸುವ ವಾಸನೆ ಬಂತು. ಎಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಹಾಕಿದ್ದರು, ಬೆಳ್ಳುಳ್ಳಿ ಸ್ವಲ್ಪ ಸೀದಿತ್ತು. ಆ ಮನೆಯ ಮಗಳು ಹೆರಿಗೆಗೆ ಬಂದಿದ್ದಾಳೆ, ಕೂಸಿಗೆ ಈಗ ಹದಿನೈದು ದಿನ. ಕೂಸಿಗೆ ನೀರೆರೆಯುವ ಹೆಂಗಸು ಇವತ್ತು ಬಂದಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಆ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೂಗಿದರು.

“ಗಿರಿಜಕ್ಕಾ, ಒಂದ್ಸಲ ಬಂದು ಕೂಸಿಗೆ ನೀರು ಹಾಕಿ ಕೊಡ್ರಿ. ನಮ್ಮಾಕಿ ಮುಟ್ಟೋಕೇ ಹೆದರ್ತಾಳೆ. ನಿಮ್ಮ ಕೈಗುಣ ಬಡಾವಣಿಗೆಲ್ಲ ಗೊತ್ತೈತೆ.”

“ಮಂಡಿ ನೋವು ಕಣ್ರಿ, ಕಾಲು ಚಾಚಿ ಕೂರೋಕಾಗಲ್ಲ” ಎಂದೆ.

ಮಂಡಿ ನೋವು ಇರುವುದು ನಿಜ. ಆದರೆ ನಾನು ಎರೆಯುವುದನ್ನು ಬಿಟ್ಟದ್ದು ಅದಕ್ಕಲ್ಲ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ನಾವು ಬಂದ ಹೊಸದರಲ್ಲಿ ಇಲ್ಲಿ ಮನೆಗಳು ದೂರ ದೂರ ಇದ್ದವು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನನಗೆ ಕರೆ ಬರುತ್ತಿತ್ತು. ನಮ್ಮ ಅತ್ತೆ ಕಲಿಸಿದ ವಿದ್ಯೆ ಅದು. ಮಣೆಯ ಮೇಲೆ ಕುಳಿತು ಕಾಲು ಚಾಚಿ, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು. ಎಣ್ಣೆ ಮೊದಲು ನೆತ್ತಿಗೆ. ಹಸುಗೂಸಿನ ನೆತ್ತಿಯಲ್ಲಿ ಎಲುಬು ಇನ್ನೂ ಕೂಡಿರುವುದಿಲ್ಲ. ಅಂಗೈ ಇಟ್ಟರೆ ಪುಟುಪುಟು ಎಂದು ಬಡಿಯುವುದು ತಿಳಿಯುತ್ತದೆ. ಆ ಮೆತ್ತನೆ ಗುಳಿಗೆ ಬೆಚ್ಚಗಿನ ಎಣ್ಣೆ ಇಂಗಿಸಿ, ಆಮೇಲೆ ಬೆಣ್ಣೆ ಉಂಡೆ ಕಟ್ಟುವ ಹಾಗೆ ಎರಡೂ ಅಂಗೈಯಲ್ಲಿ ತಲೆಯನ್ನು ಹಿಡಿದು ಸುತ್ತಲೂ ಮೆಲ್ಲಗೆ ಒತ್ತುತ್ತಾ ದುಂಡಗೆ ತಿದ್ದಬೇಕು. ಮಲಗಿಸುವಾಗ ತಲೆಯಡಿಗೆ ಸಾಸಿವೆ ತುಂಬಿದ ಸಣ್ಣ ದಿಂಬು. ನೆತ್ತಿ ಬೇಗ ಕೂಡಿದರೆ ಕೂಸು ಗಟ್ಟಿ, ಎರೆದವಳ ಕೈ ಒಳ್ಳೆಯದು ಎನ್ನುವುದೂ ಅತ್ತೆಯ ಮಾತೇ. ಅದನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ!

ನನ್ನ ಮಗಳು ಶೈಲಾಳನ್ನು ಹರಿಹರದ ಹತ್ತಿರ ಕಡರನಾಯಕನಹಳ್ಳಿಗೆ ಕೊಟ್ಟಿದ್ದೇವೆ. ಅಳಿಯ ಮಂಜುನಾಥ ಭತ್ತ ಬೆಳೆಯುತ್ತಾನೆ. ಎಂಟು ವರ್ಷದ ಹಿಂದೆ ಆಷಾಢದಲ್ಲಿ ಶೈಲಾ ನಮ್ಮ ಮನೆಯಲ್ಲೇ ಬಾಣಂತಿಯಾದಳು. ಹೆಣ್ಣುಮಗು. ಭೂಮಿಕಾ ಎಂದು ಹೆಸರು, ಕರೆಯುವುದು ಭೂಮಿ ಎಂದು. ಬೇರೆಯವರ ಕೂಸುಗಳಿಗೆ ಒಂದು ಹಂಡೆ ನೀರಾದರೆ ಭೂಮಿಗೆ ಒಂದೂವರೆ ಹಂಡೆ. ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸಿದರೆ ಮೂರು ತಾಸು ಎದ್ದೇಳುತ್ತಿರಲಿಲ್ಲ.

ಎರಡನೇ ತಿಂಗಳಲ್ಲಿ ಅವಳ ತಲೆಯ ನಡುವೆ ಬೆರಳಿಗೆ ಒಂದು ಏಣು ಸಿಕ್ಕಿತು, ಕಡುಬಿನ ಅಂಚನ್ನು ಒತ್ತಿ ಮುಚ್ಚಿದಾಗ ಉಳಿಯುತ್ತದಲ್ಲ, ಹಾಗೆ. ನಾನು ಅದರ ಮೇಲೆ ಇನ್ನಷ್ಟು ಎಣ್ಣೆ ಹಾಕಿ ಉಜ್ಜಿದೆ. ಶೈಲಾ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅವ್ವಾ, ಇವಳ ತಲಿ ಯಾಕೋ ಮೇಲಕ್ಕೆ ಏರಿದಂಗೆ ಐತೆ. ಡಾಕ್ಟ್ರಿಗೆ ತೋರ್ಸೋಣೇನು?”

“ಬ್ಯಾಡ ಬಿಡೇ. ಹೆರಿಗ್ಯಾಗ ಒತ್ತಿರ್ತೈತೆ. ನೀನು ಹುಟ್ಟಿದಾಗ ಸೋರೆಕಾಯಿ ಇದ್ದಂಗೆ ಇದ್ದಿ, ಈಗ ನೋಡು. ನನ್ನ ಕೈ ಯಾತಕ್ಕೈತೆ? ಡಾಕ್ಟ್ರು ಬಂದು ತಲಿ ತಿದ್ದತಾರೇನು?”

ಅವಳು ನಕ್ಕಳು. ನಾನೂ ನಕ್ಕೆ.

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಎಡೆಗೆ ಹೋಳಿಗೆ ಮಾಡುವುದಿತ್ತು. ಅದಕ್ಕೆ ಮುಂಚೆ ಕೂಸಿಗೆ ನೀರು ಹಾಕಿಬಿಡೋಣ ಎಂದು ಬೇಗ ಕುಳಿತೆ. ನೆತ್ತಿಯ ಮೇಲೆ ಅಂಗೈ ಇಟ್ಟರೆ ಬಡಿತ ಸಿಗಲಿಲ್ಲ. ಗುಳಿ ಇರಲಿಲ್ಲ. ಎಲ್ಲ ಗಟ್ಟಿಯಾಗಿತ್ತು. ಮೂರು ತಿಂಗಳು ತುಂಬುವ ಮೊದಲೇ ನೆತ್ತಿ ಕೂಡಿತಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಹೂರಣ ರುಬ್ಬುತ್ತಾ ಆ ಸುದ್ದಿಯನ್ನು ಬಂದವರಿಗೆಲ್ಲ ಹೇಳಿದೆ.

ದಸರೆ ಕಳೆದ ಮೇಲೆ ತೊಟ್ಟಿಲಿಗೆ ಹಾಕಿದೆವು. ಬೀಗಿತ್ತಿ ಹಾಲಮ್ಮ ಊರಿನ ಹೆಂಗಸರನ್ನೆಲ್ಲ ಟೆಂಪೋದಲ್ಲಿ ಕೂಡಿಸಿಕೊಂಡು ಬಂದಿದ್ದರು. ಬಾಯಿ ಜೋರು, ಮನಸ್ಸು ಮೆದು. ಮೊಮ್ಮಗಳ ತಲೆ ಸವರಿ ಕಣ್ಣರಳಿಸಿದರು.

“ಬೀಗ್ತೇರೆ, ನೆತ್ತಿ ಆಗ್ಲೇ ಕೂಡೈತಲ್ರಿ! ನಮ್ಮ ಮಂಜಂದು ಎರಡು ವರ್ಷ ಆದ್ರೂ ಕೂಡಿರಲಿಲ್ಲ. ಈಗ್ಲೂ ಕೂಡೈತೋ ಇಲ್ಲೋ, ನಿಮ್ಮ ಮಗಳನ್ನ ಕೇಳ್ರಿ.”

ಮನೆ ತುಂಬ ನಗು. ಮಂಜುನಾಥ ಎಲೆಯ ಮುಂದೆ ತಲೆ ತಗ್ಗಿಸಿ ಉಂಡ. ಹಾಲಮ್ಮ ಬಂದವರ ಕೈಗೆಲ್ಲ ಸಕ್ಕರೆ ಹಾಕಿದರು.

ಐದನೇ ತಿಂಗಳಿಗೆ ತಾಯಿ ಮಗು ಊರಿಗೆ ಹೋದರು. ಅಲ್ಲಿಂದ ಮುಂದಿನ ಮಳೆಗಾಲದವರೆಗೆ ಕೂಸು ಹೇಗಿದೆಯೆಂದರೆ ಚೆನ್ನಾಗಿದೆ ಎಂದೇ ಫೋನಿನಲ್ಲಿ ಕೇಳಿದ್ದು. ನಡುನಡುವೆ ಶೈಲಾ, “ಬೆಳಿಗ್ಗೆ ಎದ್ದ ಕೂಡ್ಲೆ ಅಳ್ತಾಳವ್ವ, ಹಾಲು ಕಕ್ಕತಾಳೆ” ಎನ್ನುವಳು. ನಾನು ದೃಷ್ಟಿ ತೆಗೆ ಎನ್ನುತ್ತಿದ್ದೆ, ಓಮದ ನೀರು ಕುಡಿಸು ಎನ್ನುತ್ತಿದ್ದೆ.

ಮತ್ತೆ ಆಷಾಢ ಬಂತು. ಭೂಮಿಗೆ ವರ್ಷ ತುಂಬಿತು. ಊರಿನಲ್ಲಿ ಚುಚ್ಚುಮದ್ದು ಹಾಕಲು ಬಂದ ಸಿಸ್ಟರ್ ತಲೆಯ ಸುತ್ತ ಟೇಪು ಹಿಡಿದು, ಕಾರ್ಡು ನೋಡಿ, ಮತ್ತೊಮ್ಮೆ ಟೇಪು ಹಿಡಿದರಂತೆ. ತಲೆ ಬೆಳೆದೇ ಇಲ್ಲವಲ್ಲ, ನಾಳೆಯೇ ದಾವಣಗೆರೆಗೆ ಕರೆದುಕೊಂಡು ಹೋಗಿ ಎಂದರಂತೆ. ಮರುದಿನ ಹಾಲಮ್ಮ, ಮಂಜುನಾಥ, ಶೈಲಾ ಕೂಸನ್ನು ಕಟ್ಟಿಕೊಂಡು ಬಸ್ಸಿಗೆ ಬಂದರು. ಹರಿಹರದಲ್ಲಿ ಹೊಳೆ ಕೆಂಪಗೆ ತುಂಬಿದೆ, ಬಾತಿಯ ಹತ್ತಿರ ರಸ್ತೆಯ ಮೇಲೆಲ್ಲ ನೀರು ಎಂದು ಹಾಲಮ್ಮ ಒದ್ದೆ ಸೆರಗು ಹಿಂಡುತ್ತಾ ಹೇಳಿದರು. ನಾನು ಕೂಸಿನ ಮುಖ ನೋಡಿದೆ. ಕಣ್ಣುಗಳು ಸ್ವಲ್ಪ ಮುಂದಕ್ಕೆ ಬಂದಿದ್ದವು. ನಾನು ನಕ್ಕರೆ ನಗಲಿಲ್ಲ, ಮಾತಾಡಿದರೆ ನಕ್ಕಳು.

ದೊಡ್ಡಾಸ್ಪತ್ರೆಯಲ್ಲಿ ನೋಡಿದವರು ವಯಸ್ಸಿನಲ್ಲಿ ಶೈಲಾಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಡಾಕ್ಟರಮ್ಮ. ಅವಸರ ಮಾಡುವವರಲ್ಲ. ನನ್ನ ಹಾಗೆಯೇ ಎರಡೂ ಅಂಗೈಯಲ್ಲಿ ಭೂಮಿಯ ತಲೆ ಹಿಡಿದು ಬೆರಳಿನಿಂದ ಏಣನ್ನು ಹುಡುಕಿದರು. ಸಿಕ್ಕಿತು.

“ನೆತ್ತಿ ಯಾವಾಗ ಮುಚ್ಚಿತು?” ಎಂದು ಕೇಳಿದರು.

ಶೈಲಾ ನನ್ನತ್ತ ನೋಡಿದಳು. ಮಂಜುನಾಥ, ಹಾಲಮ್ಮ ಇಬ್ಬರೂ ಅಲ್ಲೇ ಇದ್ದರು. ಹೋಳಿಗೆ, ಹೂರಣ, ಅಮಾವಾಸ್ಯೆ ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಸೆರಗಿನ ಅಂಚು ನೋಡಿದೆ.

“ಗೊತ್ತಾಗಲಿಲ್ಲ ಮೇಡಂ” ಎಂದಳು ಶೈಲಾ.

ಡಾಕ್ಟರಮ್ಮ ಹಾಗೆಯೇ ಬರೆದುಕೊಂಡರು.

ಸ್ಕ್ಯಾನು ಮಾಡುವ ಮೊದಲು ಔಷಧಿ ಕೊಟ್ಟು ನಿದ್ದೆ ಮಾಡಿಸಿದರು. ದೊಡ್ಡ ಬಳೆಯಂಥ ಮೆಷಿನ್ನು; ಅದರೊಳಗೆ ಕೂಸನ್ನು ಮಲಗಿಸಿದ ಹಲಗೆ ಹೋಯಿತು, ಬಂತು. ಮಧ್ಯಾಹ್ನ ನಮ್ಮನ್ನು ಒಳಗೆ ಕರೆದು ಕಂಪ್ಯೂಟರಿನ ಪರದೆ ತೋರಿಸಿದರು. ಚಿತ್ರವೆಂದರೆ ಚಪ್ಪಟೆ ಇರುತ್ತದೆ ಎಂದುಕೊಂಡಿದ್ದೆ. ಆದರೆ ಅಲ್ಲಿ ಭೂಮಿಯ ತಲೆಬುರುಡೆ ಗುಂಡಗೆ, ನಿಜವಾಗಿ ಇದೆಯೇನೋ ಎಂಬಂತೆ ತೇಲುತ್ತಿತ್ತು. ಡಾಕ್ಟರಮ್ಮ ಬೆರಳು ಆಡಿಸಿದ ಕಡೆಗೆ ತಿರುಗುತ್ತಿತ್ತು, ಮೇಲಿಂದ, ಕೆಳಗಿಂದ, ಕಿವಿಯ ಕಡೆಯಿಂದ. ಐದು ತಿಂಗಳು ದಿನಾ ನನ್ನ ಅಂಗೈಯಲ್ಲಿ ತಿರುಗಿದ ತಲೆ. ಏಣು ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು.

“ಅಮ್ಮ, ನೀವು ಕೌದಿ ಹೊಲೀತೀರಾ?” ಎಂದು ಡಾಕ್ಟರಮ್ಮ ಹಾಲಮ್ಮನನ್ನು ಕೇಳಿದರು.

“ಊರಾಗ ನನ್ನಷ್ಟು ಹೊಲಿಯೋರು ಯಾರೂ ಇಲ್ರಿ.”

“ಕೂಸಿನ ತಲೆ ಕೌದಿ ಇದ್ದ ಹಾಗೆ. ತುಂಡು ತುಂಡು ಎಲುಬು, ನಡುವೆ ಸಡಿಲ ಹೊಲಿಗೆ. ಒಳಗೆ ಮೆದುಳು ಬೆಳೆದ ಹಾಗೆ ಹೊಲಿಗೆ ಜಾಗ ಬಿಡಬೇಕು. ಇವಳಿಗೆ ಹುಟ್ಟುವಾಗಲೇ ಕೆಲವು ಹೊಲಿಗೆ ಬಿಗಿದುಬಿಟ್ಟಿವೆ. ಉಳಿದವೂ ಬೇಗ ಬಿಗಿದವು. ಈಗ ಮೆದುಳಿಗೆ ಜಾಗವಿಲ್ಲ. ಕಣ್ಣಿನ ನರಕ್ಕೆ ಒತ್ತಡ ಬಿದ್ದಿದೆ.”

ಹಾಲಮ್ಮ ಪರದೆಯತ್ತ ಬಗ್ಗಿ ನೋಡಿದರು. “ಅಂದ್ರೆ ಬಿಚ್ಚಿ ಮತ್ತ ಹೊಲೀಬೇಕು ಅಂತೀರಿ.”

“ಹೌದು, ಅದೇ.”

“ಕಣ್ಣು ಬರ್ತಾವೇನ್ರಿ?” ಮಂಜುನಾಥ ಮೊದಲ ಸಲ ಬಾಯಿ ಬಿಟ್ಟ.

“ಈಗ ಎಷ್ಟು ಉಳಿದಿದೆಯೋ ಅಷ್ಟನ್ನು ಉಳಿಸಿಕೊಳ್ಳೋಕೆ ಆಪರೇಷನ್ನು. ಹೋಗಿರೋದು ತಿರುಗಿ ಬರುತ್ತೆ ಅಂತ ನಾನು ಹೇಳಲ್ಲ.”

ಮುಂದಿನ ಹತ್ತು ಹನ್ನೆರಡು ದಿನ ಮಗಳೂ ಮೊಮ್ಮಗಳೂ ನನ್ನ ಮನೆಯಲ್ಲೇ ಇದ್ದರು. ಶ್ರಾವಣದ ಮಳೆ ಹಿಡಿದುಬಿಟ್ಟಿತ್ತು. ಬಟ್ಟೆ ಒಣಗದೆ ನಡುಮನೆಯಲ್ಲೆಲ್ಲ ಹಗ್ಗ. ಭೂಮಿ ಆ ಒದ್ದೆ ಬಟ್ಟೆಗಳ ಕೆಳಗೆ ಅಂಬೆಗಾಲಿಟ್ಟು ಹೋಗುವಳು, ಒಂದು ಅಂಚು ಮುಖಕ್ಕೆ ತಗಲಿದರೆ ಬೆಚ್ಚಿ ನಿಲ್ಲುವಳು. ಬೆಳಿಗ್ಗೆ ಶೈಲಾ ಅವಳಿಗೆ ತಾನೇ ನೀರು ಹಾಕುತ್ತಿದ್ದಳು. ನಾನು ಹಂಡೆಗೆ ಬೆಂಕಿ ಮಾಡಿ, ನೀರು ತೋಡಿಟ್ಟು, ಈಚೆಗೆ ಬರುತ್ತಿದ್ದೆ. ಮಗಳು ನನ್ನನ್ನು ಕಾಪಾಡಿದಳಲ್ಲ, ಬೀಗರ ಮುಂದೆ ನನ್ನ ಮಾನ ಉಳಿಸಿದಳಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅವಳಿಗೆ ಅದನ್ನು ಹೇಳಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ.

ಆಮೇಲೆ ಒಂದು ದಿನ ಎಲ್ಲರನ್ನೂ ಕರೆಸಿದರು. ಮೇಜಿನ ಮೇಲೆ ರಟ್ಟಿನ ಡಬ್ಬಿ. ಅದರೊಳಗಿಂದ ಡಾಕ್ಟರಮ್ಮ ಬಿಳಿಯ ಬುರುಡೆ ತೆಗೆದಿಟ್ಟರು. ಸ್ಕ್ಯಾನಿನ ಚಿತ್ರವನ್ನು ಕಳಿಸಿಕೊಟ್ಟರೆ ಅದೇ ಅಳತೆಗೆ ಪ್ಲಾಸ್ಟಿಕ್ಕಿನಲ್ಲಿ ಪದರ ಪದರವಾಗಿ ಮಾಡಿಕೊಡುತ್ತಾರಂತೆ. ಇಂಥದೇ ಇನ್ನೊಂದನ್ನು ಅವರು ಆಗಲೇ ಗರಗಸದಿಂದ ಕತ್ತರಿಸಿ, ತುಂಡುಗಳನ್ನು ತಿರುಗಿಸಿ ಜೋಡಿಸಿ, ಹೇಗೆ ಮಾಡಿದರೆ ಒಳಗೆ ಹೆಚ್ಚು ಜಾಗ ಸಿಗುತ್ತದೆಂದು ನೋಡಿಯಾಗಿತ್ತು. ನಮಗೆ ತೋರಿಸಿದ್ದರ ಮೇಲೆ ನೀಲಿ ಪೆನ್ನಿನ ಗೆರೆಗಳಿದ್ದವು. ಒಂದೊಂದು ತುಂಡಿಗೂ ಅಂಕಿ.

“ಟೇಬಲ್ ಮೇಲೆ ಮಗು ಇದ್ದಾಗ ಯೋಚನೆ ಮಾಡ್ತಾ ನಿಲ್ಲೋಕಾಗಲ್ಲ. ಎಲ್ಲ ಯೋಚನೆ ಇದರ ಮೇಲೆ ಮುಗಿಸಿಕೊಂಡು ಹೋಗ್ತೀವಿ. ಹಿಡಿದು ನೋಡಿ” ಎಂದು ನನ್ನ ಕೈಗೇ ಕೊಟ್ಟರು.

ಹಗುರವಿತ್ತು. ಬೆಚ್ಚಗಿರಲಿಲ್ಲ. ಅದನ್ನು ಹಿಡಿಯಲು ನನ್ನ ಕೈಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಲಿನ ಅರ್ಧ ಬೋಗುಣಿಯಂತೆ ಬೇರೆಯಾಗಿ ಬರುತ್ತಿತ್ತು. ಮಗುಚಿ ಒಳಗೆ ನೋಡಿದೆ. ಒಳಮೈ ತುಂಬ ತಗ್ಗುಗಳು, ಹಸಿ ಹಿಟ್ಟಿನ ಮೇಲೆ ಬೆರಳೊತ್ತಿದ ಹಾಗೆ. ಒಂದರಲ್ಲಿ ಬೆರಳಿಟ್ಟೆ. ಸರಿಯಾಗಿ ಕೂತಿತು. ಇನ್ನೊಂದರಲ್ಲಿ ಇಟ್ಟೆ. ಅದೂ ಕೂತಿತು.

“ಇವು ನನ್ನ ಬೆರಳು” ಎಂದೆ. “ಎರೆಯುವಾಗ ಒತ್ತಿದ್ದು ನಾನು. ನನ್ನ ಬೆರಳು ಮೂಡ್ಯಾವೆ.”

“ಅಲ್ಲಮ್ಮ.” ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. “ನೀವು ಒತ್ತಿದ್ದು ಹೊರಗಿಂದ. ಅದರಿಂದ ಇದು ಆಗಿಲ್ಲ, ಆಗೋದೂ ಇಲ್ಲ. ಇವು ಒಳಗಿಂದ ಮೆದುಳು ಒತ್ತಿದ ಗುರುತು. ಜಾಗ ಸಾಲದೆ.”

ಆಗ ನನ್ನ ಬಾಯಿಂದ ಬಂತು. ನೆತ್ತಿ ಕೂಡಿದ್ದು ಮಹಾಲಯ ಅಮಾವಾಸ್ಯೆಯ ದಿನ, ಮೂರು ತಿಂಗಳು ತುಂಬಿರಲಿಲ್ಲ. ಏಣು ಅದಕ್ಕೂ ಮೊದಲೇ ಸಿಕ್ಕಿತ್ತು. ಡಾಕ್ಟರಿಗೆ ತೋರಿಸೋಣವೇ ಎಂದು ಮಗಳು ಕೇಳಿದ್ದಳು, ಬೇಡ ಎಂದವಳು ನಾನು. ಎಲ್ಲವನ್ನೂ ಬೀಗಿತ್ತಿಯ ಮುಂದೆ, ಅಳಿಯನ ಮುಂದೆ ಹೇಳಿದೆ.

ಡಾಕ್ಟರಮ್ಮ ಹಳೆಯ ಹಾಳೆ ತೆಗೆದು ಒಂದು ಸಾಲು ಹೊಡೆದುಹಾಕಿ ಹೊಸದಾಗಿ ಬರೆದರು.

“ಆಗ್ಲೇ ಕರ್ಕೊಂಡು ಬಂದಿದ್ರೆ ಕಣ್ಣು ಉಳೀತಿದ್ವೇನ್ರಿ?” ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ಆಗ ಬಂದಿದ್ದರೆ ಬಹಳ ಚೆನ್ನಾಗಿರ್ತಿತ್ತಮ್ಮ.”

ನನ್ನ ಸಮಾಧಾನಕ್ಕೆ ಅವರು ಸುಳ್ಳು ಹೇಳಲಿಲ್ಲ. ಅದಕ್ಕಾಗಿ ಇವತ್ತಿಗೂ ಅವರನ್ನು ಗೌರವದಿಂದ ನೆನೆಯುತ್ತೇನೆ.

ಆಟೋ ನಮ್ಮ ಮನೆಯ ಮುಂದೆ ನಿಂತಿತು. ಹಾಲಮ್ಮ ನಮ್ಮ ಮನೆಯೊಳಗೆ ಬರದೆ ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ಹೋದರು. ಸಂಜೆ ಶೈಲಾ ಶೇಂಗಾಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೆ ಕುಳಿತೆ.

“ಅವತ್ತು ನನ್ನ ಮರ್ಯಾದಿ ಉಳಿಸಬೇಕು ಅಂತ ಸುಳ್ಳು ಹೇಳಿದೆಲ್ಲ, ಯಾಕ?”

ಅವಳು ಎರಡು ಕಾಯಿ ಬಿಡಿಸಿದಳು. “ಮರ್ಯಾದಿ ಉಳಿಸೋಕಲ್ಲವ್ವ. ನಿನ್ನ ಕಡಿ ನೋಡಿದೆ, ನೀನೇ ಹೇಳ್ತಿ ಅಂತ. ನೀನು ಸೆರಗು ನೋಡ್ತಾ ಇದ್ದಿ.” ಮತ್ತೆರಡು ಕಾಯಿ. “ನಾನೂ ಹೇಳ್ಲಿಲ್ಲ. ನೀನು ಬ್ಯಾಡ ಅಂದ್ರೂ ನಾನು ಕರ್ಕೊಂಡು ಹೋಗ್ಬೋದಿತ್ತಲ್ಲ. ತಾಯಿ ನಾನಲ್ಲೇನು?”

ಅವತ್ತು ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗಣೇಶನ ಹಬ್ಬ ಮುಗಿದ ವಾರ ಆಪರೇಷನ್ನು ಇಟ್ಟರು. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದವರು ಮೂರೂವರೆಯವರೆಗೆ ಬಾಗಿಲು ತೆರೆಯಲಿಲ್ಲ. ಹಾಲಮ್ಮ ಕೈಚೀಲದಲ್ಲಿ ಕೌದಿ ತಂದಿದ್ದರು. ನನ್ನಿಂದ ಎರಡು ಕುರ್ಚಿ ಆಚೆ ಕುಳಿತು ಹೊಲಿಯುತ್ತಿದ್ದರು. ಒಂದು ಸಾಲು ಹೊಲಿಯುವುದು, ಬಿಗಿಯಾಯಿತು ಎಂದು ಬಿಚ್ಚುವುದು, ಮತ್ತೆ ಹೊಲಿಯುವುದು. ಮಧ್ಯಾಹ್ನ ಮಂಜುನಾಥ ತಂದ ಮಂಡಕ್ಕಿ ಪೊಟ್ಟಣವನ್ನು ನನ್ನ ಕಡೆ ಚಾಚಿದರು. ಬುರುಡೆ ತೋರಿಸಿದ ದಿನದಿಂದ ಈಚೆಗೆ ಅದೇ ಮೊದಲ ಮಾತು.

“ತೊಟ್ಟಿಲಿಗೆ ಹಾಕಿದ ದಿನ ನಾನೂ ಮುಟ್ಟಿ ನೋಡಿದ್ದೆ ಬೀಗ್ತೇರೆ. ನೆತ್ತಿ ಕೂಡೈತೆ ಅಂತ ಎಲ್ಲಾರ ಕೈಗೆ ಸಕ್ರಿ ಹಾಕಿದಾಕಿ ನಾನು.”

“ಹೂಂ” ಎಂದೆ.

“ತಿನ್ರಿ. ಕೂಸು ಹೊರಗ ಬಂದ್ರೆ ಎತ್ತಿಕೊಳ್ಳೋಕ ಬಲ ಬೇಕಲ್ಲ.”

ಎಲ್ಲ ಅಂದುಕೊಂಡ ಹಾಗೆಯೇ ಆಯಿತೆಂದು ಡಾಕ್ಟರಮ್ಮ ಹೊರಗೆ ಬಂದು ಹೇಳಿದರು. ಗೆರೆ ಎಳೆದಲ್ಲೇ ಕತ್ತರಿಸಿ, ಅಂಕಿ ಬರೆದ ಹಾಗೆಯೇ ಕೂಡಿಸಿದ್ದರು. ಭೂಮಿಯ ಮುಖ ಊದಿ, ಕಣ್ಣು ಎರಡೂ ಮುಚ್ಚಿಹೋಗಿದ್ದವು. ಊತ ಇಳಿಯಲು ನಾಲ್ಕು ದಿನ. ಆ ನಾಲ್ಕು ದಿನ ನಾವು ದೇವರ ಹೆಸರನ್ನು ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ.

ಐದನೇ ದಿನ ಕಣ್ಣು ತೆರೆದಳು. ಶೈಲಾ ಬಗ್ಗಿ ಕೈಯಾಡಿಸಿದಳು. ಕೆಂಪು ಗಾಜಿನ ಬಳೆ ಗಲಗಲ ಎಂದವು, ಭೂಮಿ ಕೈ ಚಾಚಿ ಬಳೆ ಹಿಡಿದಳು. ನೋಡಿದ್ಳು, ನೋಡಿದ್ಳು ಎಂದು ಹಾಲಮ್ಮ ಅಳತೊಡಗಿದರು. ಶೈಲಾ ಮಗಳ ಹಿಡಿಯಿಂದ ಬಳೆ ಬಿಡಿಸಿಕೊಂಡಳು. ಆಮೇಲೆ ಬಳೆಗಳನ್ನೆಲ್ಲ ಮೊಣಕೈ ಕಡೆಗೆ ಏರಿಸಿ, ಸದ್ದಾಗದಂತೆ ಬಿಗಿಹಿಡಿದು, ಅದೇ ಕೈಯನ್ನು ಮಗಳ ಮುಖದ ಮುಂದೆ ಆಡಿಸಿದಳು. ಭೂಮಿ ಛಾವಣಿಯತ್ತ ಮುಖ ಮಾಡಿ ಮಲಗಿಯೇ ಇದ್ದಳು.

ಬಲಗಣ್ಣಿನಲ್ಲಿ ಸ್ವಲ್ಪ ಉಳಿದಿದೆ ಎಂದು ಆಮೇಲೆ ಗೊತ್ತಾಯಿತು. ಬೆಳಕು, ಬಾಗಿಲು, ಎದುರಿಗೆ ನಿಂತ ಮನುಷ್ಯನ ಆಕಾರ ಅದಕ್ಕೆ ಕಾಣುತ್ತದೆ. ಎಡಗಣ್ಣಿಗೆ ಏನೂ ಇಲ್ಲ. ಅಷ್ಟನ್ನಾದರೂ ಆಪರೇಷನ್ನು ಉಳಿಸಿತು. ದೀಪಾವಳಿಯ ಹೊತ್ತಿಗೆ ಅವಳನ್ನು ಊರಿಗೆ ಕರೆದುಕೊಂಡು ಹೋದೆವು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕುಳಿತಿದ್ದಳು. ಹರಿಹರದ ಸೇತುವೆಯ ಹತ್ತಿರ ನೀರಿನ ಮೇಲಿನ ಬಿಸಿಲು ಕಿಟಕಿಗೆ ಹೊಡೆಯಿತು. ಭೂಮಿ ಬಲಗಣ್ಣನ್ನು ಅತ್ತ ತಿರುಗಿಸಿ ಬಾಯಿ ತೆರೆದು ನಕ್ಕಳು. ನಾನು ಅವಳ ಟೊಪ್ಪಿಗೆ ಸರಿಮಾಡಿದೆ. ತಲೆ ಈಗ ದುಂಡಗಿತ್ತು, ನಾನು ಯಾವ ಕೂಸಿಗೂ ತಿದ್ದಲಾರದಷ್ಟು ದುಂಡಗೆ.

ಆ ಬಿಳಿ ಬುರುಡೆಯನ್ನು ಶೈಲಾ ಕೇಳಿ ಇಸಿದುಕೊಂಡಳು. ಬುರುಡೆ ಮನೆಯಲ್ಲಿ ಇಡಬಾರದು, ಹೊಳೆಗೆ ಬಿಡಿ ಎಂದು ಹಾಲಮ್ಮ ಹಟ ಹಿಡಿದರು. “ಅದು ಸತ್ತೋರ್ದಲ್ಲತ್ತಿ, ಬದುಕಿರೋಳ್ದು” ಎಂದಳು ಶೈಲಾ. ಕೊನೆಗೆ ಅದು ನನ್ನ ಮನೆಯ ಬೀರುವಿಗೆ ಬಂತು. ಭೂಮಿಯೂ ಈಗ ನನ್ನ ಹತ್ತಿರವೇ ಇದ್ದಾಳೆ. ಬೆರಳಿನಿಂದ ಓದಲು ಕಲಿಸುವ ಶಾಲೆ ದಾವಣಗೆರೆಯಲ್ಲೇ ಇರುವುದರಿಂದ.

ಇವತ್ತು ಮಳೆಗೆ ಅವಳ ಶಾಲೆ ರಜೆ. ಪಕ್ಕದ ಮನೆಯಾಕೆಗೆ ಆಗಲ್ಲ ಎಂದು ಹೇಳಿ ಒಳಗೆ ಬಂದರೆ, ಬೀರುವಿನಿಂದ ಡಬ್ಬಿ ತೆಗೆದುಕೊಂಡು ಕುಳಿತಿದ್ದಳು. ‘ನನ್ನ ಹಳೇ ತಲಿ’ ಎನ್ನುತ್ತಾಳೆ ಅದಕ್ಕೆ. ಹೊರಗಿನ ಏಣನ್ನು ಸವರಿದಳು. ತನ್ನ ತಲೆ ಮುಟ್ಟಿಕೊಂಡಳು. ಆಮೇಲೆ ಬೋಗುಣಿಯನ್ನು ಮಗುಚಿ ಒಳಗೆ ಕೈ ಹಾಕಿದಳು. ಬೆರಳುಗಳು ತಗ್ಗಿನಿಂದ ತಗ್ಗಿಗೆ ಮೆಲ್ಲಗೆ ಹೋದವು.

“ಅಜ್ಜಿ, ಇಲ್ಲಿ ಯಾರು ಒತ್ತಿದ್ದು?”

“ನೀನೇ ಕಣವ್ವ. ಜಾಗ ಸಾಲದೆ ಒಳಗಿಂದ ಒತ್ತಿದ್ದಿ.”

“ನಿಂಗೆ ಗೊತ್ತಾಗಲಿಲ್ಲೇನು? ದಿನಾ ನೀನೇ ನೀರು ಹಾಕ್ತಿದ್ದೆಂತೆ.”

“ಗೊತ್ತಾಗಲಿಲ್ಲ. ಗಟ್ಟಿ ಕೂಸು ಅಂದುಕೊಂಡೆ.”

ಹೆಬ್ಬೆರಳನ್ನು ಒಂದು ತಗ್ಗಿನಲ್ಲಿಟ್ಟು ಬಲವಾಗಿ ಅದುಮಿದಳು.

“ನಾನು ಇನ್ನೂ ಜೋರಾಗಿ ಒತ್ತಬೇಕಿತ್ತು ಹಂಗಾರೆ” ಎಂದಳು.

ಪಕ್ಕದ ಮನೆಯಲ್ಲಿ ಕೂಸು ಅಳುತ್ತಿತ್ತು. ಕೈ ತೊಳೆದುಕೊಂಡು, ಭೂಮಿಯನ್ನು ಕರೆದುಕೊಂಡು ಹೋದೆ. ಎರೆಯಲು ಕೂರಲಿಲ್ಲ. ತಾಯಿಯ ಮಡಿಲಲ್ಲಿದ್ದ ಹಾಗೆಯೇ ಆ ಹಸುಗೂಸಿನ ನೆತ್ತಿಯ ಮೇಲೆ ಅಂಗೈ ಇಟ್ಟೆ. ಮೆತ್ತಗಿತ್ತು. ಬಡಿತ ಸಿಕ್ಕಿತು. ತಿಂಗಳಿಗೊಮ್ಮೆ ತಲೆಗೆ ಟೇಪು ಹಿಡಿಸ್ರಿ, ಯಾರು ಬ್ಯಾಡ ಅಂದ್ರೂ ಹಿಡಿಸ್ರಿ ಎಂದು ಆ ತಾಯಿಗೆ ಹೇಳಿದೆ. ಆಮೇಲೆ ಭೂಮಿಯ ಬೆರಳನ್ನೂ ಅಲ್ಲಿ ಇಡಿಸಿದೆ. ಅವಳು ಉಸಿರು ಬಿಗಿಹಿಡಿದು ನಿಂತಳು.

“ಅಜ್ಜಿ, ಇದು ಒತ್ತತೈತೆ. ನಿಂಗೆ ಗೊತ್ತಾಗ್ತೈತೇನು?”

“ಹೂಂ ಕಣವ್ವ” ಎಂದೆ. “ಈಗ ಗೊತ್ತಾಗ್ತೈತೆ.”